ಕರೆಯದೆ ಬಂದ ಚಿತ್ರ ಪಾಪವಲ್ಲ

ಬಲಿಪೂಜೆಯ ನಡುವೆ ಶಿಲುಬೆಯತ್ತ ಕಣ್ಣೆತ್ತಿದೊಡನೆ ಒಬ್ಬರ ಮನಸ್ಸಿಗೆ ಅಶ್ಲೀಲ ಚಿತ್ರವೊಂದು ನುಗ್ಗುತ್ತದೆ. ಇನ್ನೊಬ್ಬ ತಾಯಿಗೆ, ತೊಟ್ಟಿಲ ಕೂಸಿಗೆ ತಾನೇ ಹಾನಿ ಮಾಡುತ್ತಿರುವ ದೃಶ್ಯ ಕಣ್ಮುಂದೆ ಕಟ್ಟುತ್ತದೆ. ಆ ಚಿತ್ರವನ್ನು ಅವರಷ್ಟು ದ್ವೇಷಿಸುವವರು ಬೇರಿಲ್ಲ. ಆದರೂ ಅಂಜಿ, ನಾಚಿ, ಪದೇ ಪದೇ ಪಾಪನಿವೇದನೆಗೆ ಧಾವಿಸುತ್ತಾರೆ. ಜಪಸರವನ್ನು ಮತ್ತೆ ಮೊದಲಿನಿಂದ ಎಣಿಸುತ್ತಾರೆ. ವೈದ್ಯಶಾಸ್ತ್ರ ಇದನ್ನು ಗೀಳುರೋಗವೆಂದು ಗುರುತಿಸುತ್ತದೆ.

ಧರ್ಮಸಭೆಯ ಬೋಧನೆ ಇಲ್ಲಿ ಸ್ಪಷ್ಟವಾಗಿದೆ. 1992ರಲ್ಲಿ ಪ್ರಕಟವಾದ ಧರ್ಮೋಪದೇಶ ಗ್ರಂಥದ ಪ್ರಕಾರ ಮಾರಕ ಪಾಪಕ್ಕೆ ಗಂಭೀರ ವಿಷಯ, ಪೂರ್ಣ ಅರಿವು, ಬುದ್ಧಿಪೂರ್ವಕ ಸಮ್ಮತಿ ಮೂರೂ ಕೂಡಬೇಕು. ಕರೆಯದೆ ಬಂದ ಚಿತ್ರಕ್ಕೆ ಸಮ್ಮತಿ ಎಲ್ಲಿಯದು?

ಸಂತರೂ ಇಂತಹ ಅಳುಕಿನಲ್ಲಿ ಬೆಂದವರೇ. 1522ರಲ್ಲಿ ಮನ್ರೇಸಾಕ್ಕೆ ಬಂದ ಲೊಯೋಲಾದ ಇಗ್ನಾಸಿಯವರು ನಿವೇದಿಸಿದ ಪಾಪಗಳನ್ನೇ ಮರಳಿ ನಿವೇದಿಸಿದರೂ ನೆಮ್ಮದಿ ಕಾಣದೆ, ಪ್ರಾಣ ಕಳೆದುಕೊಳ್ಳುವ ಪ್ರೇರಣೆಗೂ ಒಳಗಾದರು. ಹಳೆಯ ಪಾಪಗಳನ್ನು ಇನ್ನು ನಿವೇದಿಸೆನೆಂದು ನಿಶ್ಚಯಿಸಿದಾಗ ಅವರಿಗೆ ಬಿಡುಗಡೆಯಾಯಿತು.

ಇಂದಿನ ಮನೋಚಿಕಿತ್ಸೆಯ ತಿರುಳೂ ಅದಕ್ಕೆ ಹತ್ತಿರವಾಗಿದೆ. ಲಂಡನ್ನಿನ ವಿಕ್ಟರ್ ಮೇಯರ್ 1966ರಲ್ಲಿ ತೋರಿದ ದಾರಿಯಲ್ಲಿ, ರೋಗಿಯು ಭಯದ ಚಿತ್ರವನ್ನು ಹಂತಹಂತವಾಗಿ ಎದುರಿಸುತ್ತಾ, ಅದನ್ನು ಅಳಿಸಲೆಂದು ಮಾಡುವ ಆಚರಣೆಯನ್ನು ತಡೆಹಿಡಿಯಲು ಕಲಿಯುತ್ತಾನೆ. ಆಚರಣೆ ಕ್ಷಣಿಕ ಶಮನವಿತ್ತು ಭಯವನ್ನು ಬೆಳೆಸುತ್ತದೆ. ಅದಿಲ್ಲದೆಯೂ ಭಯವನ್ನು ತಾಳಬಹುದೆಂದು ಮನಸ್ಸು ಕ್ರಮೇಣ ಅರಿಯುತ್ತದೆ. ಚಿತ್ರದ ಬೇರು ಹಳೆಯ ಕಹಿ ನೆನಪಿನಲ್ಲಿದ್ದರೆ, ಆ ನೆನಪನ್ನು ಕಲ್ಪನೆಯಲ್ಲಿ ಮರುರೂಪಿಸಿ ಹೊಸ ಅರ್ಥ ಕೊಡುವ ಪದ್ಧತಿಯೂ ಇದೆ. ಅಗತ್ಯವಿದ್ದಲ್ಲಿ ಔಷಧಿಯೂ ಉಂಟು.

ಬೇಕೆಂದೇ ಆ ಚಿತ್ರವನ್ನು ನೆನೆಯುವುದು ಪಾಪವಲ್ಲವೇ ಎಂದು ಕೆಲವರು ಹಿಂಜರಿಯುತ್ತಾರೆ. ತೊಳೆಯಲೆಂದು ಗಾಯದ ಕಟ್ಟು ಬಿಚ್ಚುವವರು ಗಾಯವನ್ನು ಮೆಚ್ಚುತ್ತಾರೆಯೇ?

ಮನೆಯವರಿಗೂ ಗುರುಗಳಿಗೂ ಒಂದು ಬಿನ್ನಹ. ‘ನೀನು ಪಾಪ ಮಾಡಿಲ್ಲ’ ಎಂದು ದಿನಕ್ಕೆ ಹತ್ತು ಸಲ ಸಮಾಧಾನ ಹೇಳುವುದು ಪ್ರೀತಿಯಂತೆ ಕಂಡರೂ ರೋಗಕ್ಕೆ ಉಣಿಸಾಗುತ್ತದೆ. ಒಮ್ಮೆ ಹೇಳಿ, ಬಳಿಕ ಚಿಕಿತ್ಸಕರಲ್ಲಿಗೆ ಜೊತೆಯಾಗಿ ನಡೆಯಿರಿ. ಸುಬ್ರಹ್ಮಣ್ಯಪುರ, ಬನಶಂಕರಿ, ಜೆ.ಪಿ. ನಗರದ ಕುಟುಂಬಗಳಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ದೂರವೇನಲ್ಲ. ಈ ರೋಗಕ್ಕೆಂದೇ ಅಲ್ಲಿ ವಿಶೇಷ ಚಿಕಿತ್ಸಾಲಯವಿದೆ. ಕೋರಮಂಗಲದ ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲಿಯೂ ಮನೋವೈದ್ಯ ವಿಭಾಗವಿದೆ. ಹೊರಗೆ ಹೋಗಲು ಸಂಕೋಚಪಡುವವರು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಕಾಲು ಮುರಿದವನಿಗಾಗಿ ಪ್ರಾರ್ಥಿಸುತ್ತಲೇ ಅವನನ್ನು ವೈದ್ಯರಲ್ಲಿಗೆ ಒಯ್ಯುವ ನಾವು, ಮನಸ್ಸು ನೊಂದವನಿಗೆ ಮಾತ್ರ ‘ನಿನ್ನ ಪ್ರಾರ್ಥನೆ ಸಾಲದು’ ಎನ್ನುವುದು ಯಾವ ನ್ಯಾಯ?