ತೆರಿಗೆಗೆ ಬೇಕು, ತಂಟೆಗೆ ಬೇಡ

ತಿಳಿಯದವನ ಪ್ರಶ್ನೆಗೆ ನಗುವುದು ನಮ್ಮ ಓದಿದವರಿಗೆ ಅಂಟಿದ ಹಳೆಯ ರೋಗ. ಕ್ರಿಪ್ಟೋ ಕರೆನ್ಸಿಯ ವಿಷಯದಲ್ಲಂತೂ ಅದು ಉಲ್ಬಣಿಸಿದೆ. 'ಅದು ನೋಟೋ, ನಾಣ್ಯವೋ? ಅಚ್ಚು ಹಾಕೋರು ಯಾರು? ಕಳೆದ್ರೆ ಯಾರನ್ನ ಕೇಳಬೇಕು? ಸರಕಾರ ಒಪ್ಪೈತೋ ಇಲ್ಲೋ?' ಜಗಳೂರಿನ ಚಹದಂಗಡಿಯಲ್ಲಿ ಹುಟ್ಟುವ ಈ ನಾಲ್ಕು ಪ್ರಶ್ನೆಗಳಿಗೆ, ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದ ನಮ್ಮ ಹುಡುಗರೇ ಮುಸಿಮುಸಿ ನಗುತ್ತಾರೆ. ನನ್ನ ವಾದ ಇಷ್ಟೆ: ಈ ವಿಷಯದಲ್ಲಿ ಇವುಗಳಿಗಿಂತ ದೊಡ್ಡ ಪ್ರಶ್ನೆಗಳಿಲ್ಲ. ಉತ್ತರ ಕೊಡಬೇಕಾದವರು ತಲೆ ತಪ್ಪಿಸಿಕೊಂಡು ತಿರುಗುತ್ತಿದ್ದಾರೆ.

ನಾನು ಬ್ಯಾಂಕೊಂದರಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಲೆಡ್ಜರು ನನಗೆ ಅನ್ನ ಕೊಟ್ಟಿದೆ. ಹಾಗಾಗಿ ಆ ಭಾಷೆಯಲ್ಲೇ ಹೇಳುತ್ತೇನೆ. ಬಿಟ್‌ಕಾಯಿನ್ ನೋಟೂ ಅಲ್ಲ, ನಾಣ್ಯವೂ ಅಲ್ಲ. ಲೆಕ್ಕದ ಪುಸ್ತಕದಲ್ಲಿನ ಒಂದು ನಮೂದು. ಸಟೋಶಿ ನಕಮೋಟೋ ಎಂಬ ಹೆಸರಿಟ್ಟುಕೊಂಡ ಯಾರೋ 2008ರ ಅಕ್ಟೋಬರ್ 31ರಂದು ಇದರ ವಿವರಣೆಯನ್ನು ಪ್ರಕಟಿಸಿದರು. 2009ರ ಜನವರಿ 3ರಂದು ಪುಸ್ತಕದ ಮೊದಲ ಪುಟ ತೆರೆಯಿತು. ಬ್ಯಾಂಕಿನ ಲೆಡ್ಜರು ಬ್ಯಾಂಕಿನಲ್ಲಿರುತ್ತದೆ. ಈ ಲೆಡ್ಜರಿನ ಪ್ರತಿ ಲೋಕದ ಸಾವಿರಾರು ಕಂಪ್ಯೂಟರುಗಳಲ್ಲಿದೆ. ಸುಮಾರು ಹತ್ತು ನಿಮಿಷಕ್ಕೊಂದು ಪುಟ ಸೇರುತ್ತದೆ. ಪ್ರತಿ ಪುಟದಲ್ಲೂ ಹಿಂದಿನ ಪುಟದ ಗುರುತು ಇರುವುದರಿಂದ, ನಡುವಿನ ಒಂದು ಅಂಕಿ ತಿದ್ದಿದರೂ ಮುಂದಿನ ಪುಟಗಳೆಲ್ಲ ತಾಳೆ ತಪ್ಪುತ್ತವೆ.

ಹೊಸ ಪುಟ ಬರೆಯಲು ಕಂಪ್ಯೂಟರುಗಳು ಪೈಪೋಟಿಯ ಮೇಲೆ ಒಂದು ಸಂಖ್ಯೆಯನ್ನು ಹುಡುಕುತ್ತವೆ. ಮೊದಲು ಸಿಕ್ಕವರಿಗೆ ಹೊಸ ಬಿಟ್‌ಕಾಯಿನ್ ಇನಾಮು. ಅದೇ ಇದರ ಟಂಕಸಾಲೆ. ಮೊದಮೊದಲು ಪುಟಕ್ಕೆ 50 ಇದ್ದ ಇನಾಮು ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತ 2024ರ ಏಪ್ರಿಲ್‌ನಲ್ಲಿ 3.125ಕ್ಕೆ ಇಳಿಯಿತು. ಒಟ್ಟು 2.1 ಕೋಟಿಯನ್ನು ದಾಟುವಂತಿಲ್ಲ. ಈ ಪೈಪೋಟಿ ನುಂಗುವ ವಿದ್ಯುತ್ತು ಕೆಲವು ದೇಶಗಳು ಇಡೀ ವರ್ಷ ಬಳಸುವಷ್ಟಿದೆ ಎಂದರೆ, ರಾತ್ರಿ ಪಾಳಿಯ ಕರೆಂಟಿಗಾಗಿ ಬೋರಿನ ಬಳಿ ಕಾದು ಕೂರುವ ನಮ್ಮ ರೈತ ಏನೆಂದಾನು?

ಏರ್ಪಾಡು ಜಾಣತನದ್ದು, ಒಪ್ಪುತ್ತೇನೆ. ನನ್ನ ತಕರಾರು ಮೂರನೆಯ ಮತ್ತು ನಾಲ್ಕನೆಯ ಪ್ರಶ್ನೆಗಳದ್ದು.

ಕಳೆದರೆ ಯಾರನ್ನು ಕೇಳಬೇಕು? ಯಾರನ್ನೂ ಇಲ್ಲ. ನಿಮ್ಮ ನಮೂದಿಗೆ ಒಂದು ಗುಪ್ತ ಕೀಲಿಯಿದೆ. ಅದು ಹೋದರೆ ಹಣ ಹೋಯಿತು. ತಪ್ಪು ವಿಳಾಸಕ್ಕೆ ಕಳಿಸಿದ್ದನ್ನು ತಿರುಗಿಸುವ ಮ್ಯಾನೇಜರು ಅಲ್ಲಿಲ್ಲ. ಬ್ಯಾಂಕು ಮುಳುಗಿದರೆ ಠೇವಣಿಗೆ ಐದು ಲಕ್ಷದವರೆಗೆ ವಿಮೆಯುಂಟು. ಇಲ್ಲಿ ಐದು ಪೈಸೆಗೂ ಇಲ್ಲ. ಕೀಲಿಯ ಗೊಡವೆ ಬೇಡವೆಂದು ವಿನಿಮಯ ಕಂಪನಿಯ ಕೈಗೆ ಕೊಟ್ಟವರ ಗತಿಯೂ ಕಂಡಿದ್ದೇವೆ. 2024ರ ಜುಲೈ 18ರಂದು ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ಕ್ರಿಪ್ಟೋ ಕಳುವಾಯಿತು. ಗ್ರಾಹಕರು ವರ್ಷಕ್ಕೂ ಹೆಚ್ಚು ಕಾಲ ತಮ್ಮ ಸೊತ್ತನ್ನು ಮುಟ್ಟಲಾಗದೆ ಕೂತರು. ಸಾಲಗಾರರ ಪಾಲಿನ ಯೋಜನೆ ಒಪ್ಪಿಗೆಗೆ ಹೋದದ್ದು ಸಿಂಗಪುರದ ನ್ಯಾಯಾಲಯಕ್ಕೆ. ಬಿಳಿಚೋಡಿನ ರೈತ ವಕೀಲರನ್ನು ಹುಡುಕಿಕೊಂಡು ಸಿಂಗಪುರಕ್ಕೆ ಹೋಗಬೇಕೆ?

ಇನ್ನು ಸರಕಾರದ ಒಪ್ಪಿಗೆ. ಇದರ ಚರಿತ್ರೆ ಬಯಲಾಟದಂತಿದೆ. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕು, ಕ್ರಿಪ್ಟೋ ವ್ಯವಹಾರದವರಿಗೆ ಸೇವೆ ಕೊಡಬೇಡಿ ಎಂದು ಬ್ಯಾಂಕುಗಳಿಗೆ ಅಪ್ಪಣೆ ಮಾಡಿತು. ಅದೇ ಅಕ್ಟೋಬರ್‌ನಲ್ಲಿ ಯುನೋಕಾಯಿನ್ ಕಂಪನಿ ಬೆಂಗಳೂರಿನ ಮಾಲೊಂದರಲ್ಲಿ ವಹಿವಾಟಿನ ಯಂತ್ರವಿಟ್ಟಾಗ ಪೊಲೀಸರು ಯಂತ್ರವನ್ನು ವಶಪಡಿಸಿಕೊಂಡು ಸ್ಥಾಪಕರನ್ನು ಬಂಧಿಸಿದರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ರಿಸರ್ವ್ ಬ್ಯಾಂಕಿನ ಅಪ್ಪಣೆಯನ್ನೇ ರದ್ದು ಮಾಡಿತು. 2021ರ ಚಳಿಗಾಲದ ಅಧಿವೇಶನದ ಪಟ್ಟಿಯಲ್ಲಿ ಮಸೂದೆಯ ಹೆಸರು ಬಂತು, ಮಸೂದೆ ಬರಲಿಲ್ಲ. ಆದರೆ ತೆರಿಗೆ ಮಾತ್ರ ತಪ್ಪದೆ ಬಂತು. 2022ರ ಏಪ್ರಿಲ್ 1ರಿಂದ ಲಾಭದ ಮೇಲೆ ನೂರಕ್ಕೆ 30, ಜುಲೈ 1ರಿಂದ ವರ್ಗಾವಣೆಯ ಮೇಲೆ ನೂರಕ್ಕೆ 1ರ ಕಡಿತ. ಪೊಲೀಸರು ಯಂತ್ರ ಹೊತ್ತೊಯ್ದ ವ್ಯಾಪಾರದಲ್ಲಿ ನಾಲ್ಕೇ ವರ್ಷಕ್ಕೆ ಸರಕಾರ ಪಾಲುದಾರ!

ಅದೂ ಎಂಥ ಪಾಲುದಾರಿಕೆ! ಒಂದು ಕಾಯಿನ್ನಿನಲ್ಲಿ ಲಕ್ಷ ಬಂದು ಇನ್ನೊಂದರಲ್ಲಿ ಲಕ್ಷ ಹೋದರೆ ನಿಮಗೆ ಉಳಿದದ್ದು ಸೊನ್ನೆ. ಸರಕಾರಕ್ಕೆ ಮಾತ್ರ ಮೂವತ್ತು ಸಾವಿರ ಕಟ್ಟಬೇಕು. ನಷ್ಟವನ್ನು ಲಾಭದಲ್ಲಿ ಕಳೆಯುವಂತಿಲ್ಲ. ಮೆಕ್ಕೆಜೋಳ ಮಾರಿದ ದುಡ್ಡಿಗೆ ತೆರಿಗೆಯಿಲ್ಲ, ಆದ್ದರಿಂದ ಆ ದುಡ್ಡಲ್ಲಿ ಕೊಂಡ ಕಾಯಿನ್ನಿಗೂ ಇಲ್ಲ ಎಂದು ನಂಬಿದವರು ನಮ್ಮ ಕಡೆ ಇದ್ದಾರೆ. ಅದು ಸುಳ್ಳು ಎಂದು ಕನ್ನಡದಲ್ಲಿ ಒಂದು ಚೀಟಿ ಅಚ್ಚು ಹಾಕಿಸಿ ಪಂಚಾಯಿತಿ ಗೋಡೆಗೆ ಅಂಟಿಸಿದ್ದನ್ನು ನಾನು ಕಂಡಿಲ್ಲ.

ಏಜೆಂಟರು ಆಡುವುದು ಇಲ್ಲೇ. 'ಸರಕಾರವೇ ತೆರಿಗೆ ಹಾಕೈತಣ್ಣ, ಅಂದಮ್ಯಾಲೆ ಒಪ್ಪಿದಂಗೇ ಅಲ್ವಾ?' ಅಲ್ಲ. ಕಾನೂನುಬದ್ಧವೋ ಅಲ್ಲವೋ ಎಂಬುದು ಬೇರೆ ಪ್ರಶ್ನೆ, ಲಾಭಕ್ಕೆ ತೆರಿಗೆ ಹಾಕುತ್ತೇವೆ ಎಂಬರ್ಥದ ಮಾತನ್ನು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 2022ರ ಫೆಬ್ರುವರಿಯಲ್ಲಿ ರಾಜ್ಯಸಭೆಯಲ್ಲೇ ಆಡಿದ್ದಾರೆ. ಅವರು ಆ ಸಭೆಗೆ ಆಯ್ಕೆಯಾದದ್ದು ನಮ್ಮ ಕರ್ನಾಟಕದಿಂದಲೇ. ಇಟ್ಟುಕೊಳ್ಳುವುದು ಅಪರಾಧವಲ್ಲ, ಆದರೆ ಅಂಗಡಿಯವನು ಅದನ್ನು ಪಡೆಯಲೇಬೇಕೆಂಬ ಕಾನೂನಿಲ್ಲ. ನಮ್ಮ ನೂರರ ನೋಟಿನ ಮೇಲೆ ರಿಸರ್ವ್ ಬ್ಯಾಂಕಿನ ಗವರ್ನರರ ವಚನವೂ ಸಹಿಯೂ ಇವೆ. ಇದರ ಹಿಂದೆ ಯಾರ ವಚನವೂ ಇಲ್ಲ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಬಿಟ್‌ಕಾಯಿನ್ ಸುಮ್ಮನೆ ಇಟ್ಟರೆ ಮರಿ ಹಾಕುವುದಿಲ್ಲ. ಬೆಲೆ ಏರೀತು, ಬಿದ್ದೀತು; 2021ರ ನವೆಂಬರ್‌ನಲ್ಲಿ 69 ಸಾವಿರ ಡಾಲರ್ ಮುಟ್ಟಿದ್ದು ಮರುವರ್ಷದ ಅದೇ ತಿಂಗಳಲ್ಲಿ 16 ಸಾವಿರಕ್ಕಿಂತ ಕೆಳಗೆ ಬಿತ್ತು. ಗೇನ್‌ಬಿಟ್‌ಕಾಯಿನ್ ಎಂಬ ಯೋಜನೆ ತಿಂಗಳಿಗೆ ನೂರಕ್ಕೆ ಹತ್ತರಂತೆ ಹದಿನೆಂಟು ತಿಂಗಳು ಕೊಡುತ್ತೇವೆಂದು ದೇಶದ ತುಂಬ ಜನರನ್ನು ಸೇರಿಸಿತು. ಈಗ ಅದು ಸಿಬಿಐ ತನಿಖೆಯ ಕಡತ. ತಿಂಗಳ ಬಡ್ಡಿಯ ಆಸೆ ತೋರಿಸುವವನು ನಿಮಗೆ ಮಾರುತ್ತಿರುವುದು ಹಳೆಯ ಮೋಸದ ಚೀಟಿಯನ್ನೇ. ಹೊದಿಕೆ ಮಾತ್ರ ಹೊಸದು.

'ದುರಾಸೆಗೆ ಬಿದ್ದವರು ಅನುಭವಿಸಲಿ ಬಿಡಿ' ಎನ್ನುವ ಸಜ್ಜನರು ನನಗೆ ಗೊತ್ತು. ಮಳೆ ಕೈಕೊಟ್ಟ ವರ್ಷ ಜಗಳೂರು ಸೀಮೆಗೆ ಬಂದು ನಿಂತು ಅವರು ಈ ಮಾತು ಹೇಳಲಿ. ಬಿತ್ತಿದ ಖರ್ಚೂ ಹುಟ್ಟದೆ, ಮಗಳ ಕಾಲೇಜು ಫೀಜಿಗೆ ಕೈಸಾಲ ಹುಡುಕುವವನ ಆಸೆಯನ್ನು ದುರಾಸೆ ಎನ್ನಲು ನನ್ನ ನಾಲಗೆ ಏಳುವುದಿಲ್ಲ. ಅವನ ಅಗತ್ಯವನ್ನು ಏಜೆಂಟ ಬಲ್ಲ. ಸರಕಾರ ಬಲ್ಲುದು ಅವನ ಪ್ಯಾನ್ ನಂಬರನ್ನು.

ನಿಷೇಧಿಸಿ ಎಂದು ನಾನು ಕೂಗುತ್ತಿಲ್ಲ. ಮೂವತ್ತು ರೂಪಾಯಿ ಎತ್ತಿಕೊಳ್ಳುವ ಕೈಗೆ ಮೂರು ಕೆಲಸ ಹೇಳುತ್ತೇನೆ. ಈ ವ್ಯವಹಾರದ ನಿಯಮಗಳನ್ನು ಒಂದೇ ಕಾಯಿದೆಯಲ್ಲಿ ಬರೆಯಲಿ. ಗ್ರಾಹಕರ ಸೊತ್ತನ್ನು ಕಂಪನಿಯ ಸೊತ್ತಿನಿಂದ ಬೇರೆ ಇಡಿಸಿ, ಕಳುವಾದರೆ ತುಂಬಿಕೊಡುವ ಹೊಣೆ ಹೊರಿಸಲಿ. ದೂರು ಹೊತ್ತು ಬಂದವನಿಗೆ ದಾವಣಗೆರೆಯಲ್ಲೇ ಕೂತು ಕನ್ನಡದಲ್ಲಿ ಉತ್ತರ ಕೊಡುವ ಒಬ್ಬ ಅಧಿಕಾರಿಯನ್ನು ನೇಮಿಸಲಿ. ಇದು ಆಗದ ಮಾತೆಂದರೆ, ತೆರಿಗೆಯನ್ನೂ ಬಿಡಲಿ.