ಕಥೆ ಮುಗಿದ ಮೇಲೂ ಓಡುವ ಧಾರಾವಾಹಿ

ಹದ ಕೆಡುವ ಮೊದಲೇ ಧಾರಾವಾಹಿ ಮುಗಿಸಿ ಎಂದಾಗಲೆಲ್ಲ ಸಿಗುವ ಉತ್ತರ ಒಂದೇ: ‘ಜನ ನೋಡುತ್ತಿದ್ದಾರಲ್ಲ!’

ಆ ನೋಟವನ್ನು ಅಳೆಯುವುದು ಹೇಗೆ? ವಾಹಿನಿಯ ಧ್ವನಿಯಲ್ಲಿ ಬೆರೆಸಿರುವ, ಕಿವಿಗೆ ಕೇಳಿಸದ ಗುರುತನ್ನು ಟಿವಿ ವೀಕ್ಷಣೆ ಅಳೆಯುವ ಸಂಸ್ಥೆಯಾದ ಬಾರ್ಕ್‌ನ ಮೀಟರು ಹಿಡಿಯುತ್ತದೆ. ಮನೆಯವರು ತಮ್ಮ ತಮ್ಮ ಗುಂಡಿ ಒತ್ತಿದರೆ ಟಿವಿ ಮುಂದೆ ಯಾರು ಕೂತಿದ್ದಾರೆಂದೂ ತಿಳಿಯುತ್ತದೆ. ಕಣ್ಣರಳಿಸಿ ಕೂತಿದ್ದಾರೋ, ಸೊಪ್ಪು ಬಿಡಿಸುತ್ತ ಬರೀ ಸದ್ದಿಗೆಂದು ಹಾಕಿಕೊಂಡಿದ್ದಾರೋ, ಅದು ಮೀಟರಿಗೆ ತಿಳಿಯದು. ನಮ್ಮಮ್ಮ ಒಂದು ಧಾರಾವಾಹಿಯ ಕೊನೆಯ ಎರಡು ವರ್ಷವನ್ನು ಬೈಯುತ್ತಲೇ ನೋಡಿದರು. ನಾಯಕಿಗೆ ಒಳ್ಳೆಯದಾಗುವುದನ್ನು ಕಾಣದೆ ಬಿಡಲು ಅವರಿಗೆ ಮನಸ್ಸು ಬರಲಿಲ್ಲ. ಅಂಥ ಅಕ್ಕರೆಯನ್ನು ಮೆಚ್ಚುಗೆಯ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ. ‘ರಿಮೋಟ್ ನಿಮ್ಮ ಕೈಲೇ ಇದೆ’ ಎನ್ನುವವರಿಗೂ ನನ್ನ ಉತ್ತರ ಇದೇ.

‘ಕಥೆ ತಾನಾಗಿ ಬೆಳೆಯುತ್ತದೆ’ ಎನ್ನುತ್ತಾರೆ. 2008ರಲ್ಲಿ ಶುರುವಾದ ಹಿಂದಿಯ ‘ಬಾಲಿಕಾ ವಧು’ ಎತ್ತಿದ್ದು ಗಟ್ಟಿಯಾದ ಪ್ರಶ್ನೆ: ಆಡುವ ವಯಸ್ಸಿಗೆ ಮದುವೆಯಾದ ಹುಡುಗಿಯ ಗತಿಯೇನು? ಎಂಟು ವರ್ಷ, 2,000ಕ್ಕೂ ಹೆಚ್ಚು ಕಂತು ಓಡಿ 2016ರಲ್ಲಿ ಅದು ನಿಲ್ಲುವ ಹೊತ್ತಿಗೆ ಆ ಹುಡುಗಿ ಆನಂದಿಯೇ ಕಥೆಯಲ್ಲಿ ಸತ್ತಿದ್ದಳು, ಮಗಳ ಪಾಡು ನಡೆದಿತ್ತು. ಅದೇ ಎಳೆ ಹಿಡಿದು 2012ರಲ್ಲಿ ಕನ್ನಡಕ್ಕೆ ಬಂದ ‘ಪುಟ್ಟಗೌರಿ ಮದುವೆ’ಯಲ್ಲೂ ಗೌರಿ ಕೊನೆಕೊನೆಗೆ ಕಾಡಿನಲ್ಲಿ ಅಲೆದಳು. ಮೊದಲ ದಿನಗಳಲ್ಲಿ ಅವಳಿಗಾಗಿ ಮರುಗಿದ್ದ ನನಗೆ ಅದನ್ನು ನೋಡಲಾಗಲಿಲ್ಲ. ಇದು ಬೆಳವಣಿಗೆಯಲ್ಲ, ಕೇಳಿದ ಪ್ರಶ್ನೆಯನ್ನೇ ಕೈಬಿಟ್ಟಿದ್ದು.

‘ಬೇಗ ಮುಗಿಸಿದರೆ ಜನ ಮರೆಯುತ್ತಾರೆ’ ಎಂಬ ಭಯಕ್ಕೆ ಆಗುಂಬೆಯೇ ಉತ್ತರ. ಶಂಕರ್ ನಾಗ್ 1980ರ ದಶಕದಲ್ಲಿ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಕಂತುಗಳು 39. ಅದು ಚಿತ್ರೀಕರಣಗೊಂಡ ಆಗುಂಬೆಯ ದೊಡ್ಡಮನೆ ನೋಡಲು ಜನ ಇಂದಿಗೂ ಹೋಗುತ್ತಾರೆ.

ಇನ್ನುಳಿದದ್ದು ತೂಕದ ಮಾತು: ‘ಲೈಟ್‌ನವರು, ಮೇಕಪ್‌ನವರು, ಪ್ರೊಡಕ್ಷನ್ ಹುಡುಗರು ದಿನದ ಬಾಟಾ ನಂಬಿದವರು. ಅವರ ಹೊಟ್ಟೆ?’ ಇದನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಸ್ಲಾಟು ಖಾಲಿ ಉಳಿಯುವುದಿಲ್ಲ. ಪುಟ್ಟಗೌರಿ ಮುಗಿದರೂ ಅದರ ಮುಂದಿನ ಕಥೆಯಾಗಿ ‘ಮಂಗಳಗೌರಿ ಮದುವೆ’ ಮುಂದುವರಿಯಿತು. ಹೊಸ ಧಾರಾವಾಹಿಗೂ ಲೈಟು ಹಿಡಿಯುವವರು ಬೇಕೇ ಬೇಕು. ಹಳೆಯದನ್ನು ಎಳೆಯುವುದರಲ್ಲಿ ದೊಡ್ಡ ಉಳಿತಾಯವಿರುವುದು ಮೇಲಿನವರಿಗೆ: ಸೆಟ್ಟಿನ ಖರ್ಚು ಎಂದೋ ಹುಟ್ಟಿರುತ್ತದೆ, ಮುಖಗಳು ಮನೆಮಾತಾಗಿರುತ್ತವೆ, ಹೊಸದಾಗಿ ಪ್ರೋಮೊಗೆ ಹಣ ಸುರಿಯಬೇಕಿಲ್ಲ.

ಹಳಬರಿಗೆಲ್ಲ ಹೊಸ ತಂಡದಲ್ಲಿ ಜಾಗ ಸಿಗುತ್ತದೆ ಎಂಬ ಖಾತ್ರಿಯಿಲ್ಲ, ಒಪ್ಪುತ್ತೇನೆ. ಈಗಿನ ಪದ್ಧತಿಯಲ್ಲಾದರೂ ಖಾತ್ರಿ ಎಲ್ಲಿದೆ? ಟಿಆರ್‌ಪಿ ಕುಸಿದರೆ ಕೆಲವೇ ವಾರಗಳಲ್ಲಿ ಕಥೆ ಸುತ್ತಿಟ್ಟು ಎಲ್ಲರನ್ನೂ ಮನೆಗೆ ಕಳಿಸುತ್ತಾರೆ. ಕೊನೆಯ ಕಂತಿನ ತಿಂಗಳು ಮೊದಲ ಒಪ್ಪಂದದಲ್ಲೇ ಬರೆದಿದ್ದರೆ ಆ ಲೈಟ್ ಹುಡುಗ ಮುಂದಿನ ಕೆಲಸವನ್ನು ಮೊದಲೇ ಮಾತಾಡಿಟ್ಟುಕೊಳ್ಳಬಹುದು, ಬರೆಯುವವರಿಗೂ ಕಥೆಯನ್ನು ಎಲ್ಲಿಗೆ ತಲುಪಿಸಬೇಕೆಂದು ಗೊತ್ತಿರುತ್ತದೆ.