ಎವೆಯಿಕ್ಕದ ಕಾವಲು

ದೊಡ್ಡ ಸಾಧನೆಗೆ ದೊಡ್ಡ ಉಪಕರಣವೇ ಬೇಕೆಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಸಲಕರಣೆ ಸಾಲದೆಂದು ಕೈಕಟ್ಟಿ ಕುಳಿತವರು, ಅನ್ಯ ನಕ್ಷತ್ರಗಳ ಗ್ರಹಗಳನ್ನು ಅರಸಿದ ಕ್ಯಾಮೆರಾಗಳ ಕಥೆಯನ್ನು ಒಮ್ಮೆ ಕೇಳಬೇಕು.

ನಮ್ಮ ಸೂರ್ಯನಿಗಿರುವಂತೆ ಬೇರೆ ನಕ್ಷತ್ರಗಳಿಗೂ ಗ್ರಹಗಳುಂಟು. ಆದರೆ ನಕ್ಷತ್ರದ ಪ್ರಭೆಯಲ್ಲಿ ಅವು ಅಡಗಿಹೋಗುವುದರಿಂದ ನೇರವಾಗಿ ಕಾಣುವುದು ಬಹು ಕಷ್ಟ. ಗ್ರಹವೊಂದು ತನ್ನ ನಕ್ಷತ್ರಕ್ಕೂ ನಮಗೂ ನಡುವೆ ಹಾದುಹೋದಾಗ ನಕ್ಷತ್ರದ ಬೆಳಕು ತುಸು ಕುಂದುತ್ತದೆ. ಗುರುವಿನಷ್ಟು ದೊಡ್ಡ ಗ್ರಹವು ಸೂರ್ಯನಂತಹ ನಕ್ಷತ್ರಕ್ಕೆ ಅಡ್ಡ ಬಂದರೂ ಕುಂದುವುದು ಸುಮಾರು ಶೇಕಡಾ 1ರಷ್ಟು ಮಾತ್ರ. ಅದೂ ಕೆಲವು ಗಂಟೆಗಳ ಕಾಲ. ಯಾವ ನಕ್ಷತ್ರ, ಯಾವ ಇರುಳು ಎಂಬುದು ಮೊದಲೇ ತಿಳಿಯದು. ಆದ್ದರಿಂದ ಲಕ್ಷಾಂತರ ನಕ್ಷತ್ರಗಳನ್ನು ತಿಂಗಳುಗಟ್ಟಲೆ ಕಾಯಬೇಕು.

ಬೃಹತ್ ದೂರದರ್ಶಕವು ಆಕಾಶದ ಒಂದು ಚೂರನ್ನು ಮಾತ್ರ ನೋಡಬಲ್ಲುದು. ಈ ಕಾವಲಿಗೆ ಬೇಕಾದುದು ವಿಶಾಲ ನೋಟ. ಇದನ್ನರಿತ ಬ್ರಿಟನ್ನಿನ ವಿಜ್ಞಾನಿಗಳು 'ಸೂಪರ್‌ವಾಸ್ಪ್' ಎಂಬ ಯೋಜನೆಯಲ್ಲಿ 2004ರಲ್ಲಿ ಅಟ್ಲಾಂಟಿಕ್ ಸಾಗರದ ಲಾ ಪಾಲ್ಮಾ ದ್ವೀಪದಲ್ಲಿಯೂ, 2006ರಲ್ಲಿ ದಕ್ಷಿಣ ಆಫ್ರಿಕಾದ ಸದರ್ಲ್ಯಾಂಡಿನಲ್ಲಿಯೂ ಕ್ಯಾಮೆರಾ ಠಾಣೆಗಳನ್ನು ತೆರೆದರು. ಒಂದೊಂದರಲ್ಲಿ ಎಂಟು ಕ್ಯಾಮೆರಾಗಳು. ಆರಂಭದಲ್ಲಿ ಅವಕ್ಕೆ ಜೋಡಿಸಿದ್ದುದು ಛಾಯಾಗ್ರಾಹಕರು ಬಳಸುವ, ಕೇವಲ 11 ಸೆಂಟಿಮೀಟರ್ ಅಗಲದ ಮಸೂರಗಳು! ಗಣಕಯಂತ್ರದ ಆಜ್ಞೆಯಂತೆ ಛಾವಣಿ ಸರಿಯುತ್ತಿತ್ತು. ಕ್ಯಾಮೆರಾಗಳು ಇರುಳಿಡೀ ಚಿತ್ರ ತೆಗೆಯುತ್ತಿದ್ದವು. ಮಳೆಯ ಸೂಚನೆ ಕಂಡರೆ ಛಾವಣಿ ಮುಚ್ಚಿಕೊಳ್ಳುತ್ತಿತ್ತು. ಹೀಗೆ ಕಾದು ಪತ್ತೆಹಚ್ಚಿದ ಗ್ರಹಗಳು ನೂರೈವತ್ತಕ್ಕೂ ಹೆಚ್ಚು.

ಎಲ್ಲವನ್ನೂ ಯಂತ್ರವೇ ಮಾಡಿದರೆ ಮನುಷ್ಯನಿಗೆ ಉಳಿದುದೇನು ಎಂದು ಕೆಲವರು ಕೇಳಬಹುದು. ಒಂದನ್ನೊಂದು ಸುತ್ತುವ ಎರಡು ನಕ್ಷತ್ರಗಳು ಪರಸ್ಪರ ಮರೆಮಾಡಿದಾಗಲೂ ಬೆಳಕು ಕುಂದುತ್ತದೆ. ಕುಂದಿದ್ದೆಲ್ಲ ಗ್ರಹದಿಂದಲ್ಲ. ಆದುದರಿಂದಲೇ ವಿಜ್ಞಾನಿಗಳು ದೊಡ್ಡ ದೂರದರ್ಶಕಗಳ ನೆರವಿನಿಂದ, ಗ್ರಹದ ಸೆಳೆತಕ್ಕೆ ನಕ್ಷತ್ರವು ಎಷ್ಟು ಓಲಾಡುತ್ತದೆಂದು ಅಳೆದು ನೋಡಿದ ಬಳಿಕವೇ ಗ್ರಹವೆಂದು ಸಾರಿದರು. ಕಾಯುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದು. ಸತ್ಯಾಸತ್ಯಗಳ ಹೊಣೆ ಮನುಷ್ಯನದೇ.

ಕಿರಿಯ ಕ್ಯಾಮೆರಾಗಳಿಗೂ ಮಿತಿಯುಂಟು. ಭೂಮಿಯಷ್ಟು ಚಿಕ್ಕ ಗ್ರಹವು ಸೂರ್ಯನಂತಹ ನಕ್ಷತ್ರದ ಬೆಳಕನ್ನು ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟೂ ಕುಗ್ಗಿಸದು. ಕದಲುವ ನಮ್ಮ ವಾಯುಮಂಡಲದ ಅಡಿಯಿಂದ ಅದನ್ನು ಅಳೆಯುವುದು ಅವುಗಳಿಗೆ ಅಸಾಧ್ಯ. ಅಂತಹ ಶೋಧಕ್ಕೆಂದೇ 2009ರಲ್ಲಿ ಕೆಪ್ಲರ್ ದೂರದರ್ಶಕವನ್ನು ಬಾಹ್ಯಾಕಾಶಕ್ಕೆ ಕಳುಹಿಸಲಾಯಿತು. ಆದರೆ ಮಿತಿಯನ್ನು ಅರಿತು, ಅದರೊಳಗೆ ಸಾಧ್ಯವಾದುದನ್ನು ಪೂರ್ಣವಾಗಿ ಸಾಧಿಸುವುದು ಸಣ್ಣ ಮಾತಲ್ಲ.

ವಿದ್ಯಾರ್ಥಿಗಳೇ, ನಿಮ್ಮ ಕೈಯಲ್ಲಿರುವ ಸಾಧನ ಎಷ್ಟು ದೊಡ್ಡದೆಂದು ಕೇಳುವ ಮೊದಲು, ನೀವು ಹುಡುಕುತ್ತಿರುವುದೇನೆಂದು ಕೇಳಿಕೊಳ್ಳಿರಿ. ಆ ಪ್ರಶ್ನೆ ಸ್ಪಷ್ಟವಾದರೆ, ಅಂಗೈಯಗಲದ ಗಾಜೂ ಹೊಸ ಲೋಕಗಳನ್ನು ತೋರಿಸೀತು.